ಹನ್ನೊಂದನೇ ಓವರಿನ ನಾಲ್ಕನೇ ಎಸೆತ

ಮಸ್ಕತ್ತಿನ ವಾದಿ ಕಬೀರಿನಲ್ಲಿ ಹೊಳೆಯಿದೆ, ನೀರಿಲ್ಲ.
ಶುಕ್ರವಾರ ಬೆಳಗಿನ ಆರಕ್ಕೆ
ಆ ಒಣ ಪಾತ್ರವೇ ನಮ್ಮ ಮೈದಾನ.
ಸಿಮೆಂಟಿನ ಮೇಲೆ, ಯಾವುದೋ ಹೋಟೆಲಿನವರು ಕಿತ್ತೆಸೆದ
ಹಸಿರು ಕಾರ್ಪೆಟ್ಟು. ಬೌಂಡರಿಗೆ
ಸುಣ್ಣ ಬಳಿದ ಕಲ್ಲುಗಳು.
ಎತ್ತಿ ಹೊಡೆದರೆ ಚೆಂಡು ಗುಡ್ಡಕ್ಕೆ ಬಡಿದು
ತಾನಾಗಿಯೇ ಉರುಳಿ ಬರುತ್ತದೆ.
ಈ ದೇಶದಲ್ಲಿ ಸಲೀಸಾಗಿ ವಾಪಸಾಗುವುದು
ಅದೊಂದೇ ಅಂತ ವಲೇರಿಯನ್ ನಗುತ್ತಾನೆ.

ನಾನು ಆಡುವುದಿಲ್ಲ. ಮಂಡಿ ಹೋಗಿದೆ.
ವಾರವಿಡೀ ನಾನೂರು ಜನರ ಹಾಜರಿ ಬರೆಯುವ ಕೈ
ಶುಕ್ರವಾರ ರನ್ನು ಬರೆಯುತ್ತದೆ.
ಪಕ್ಕದಲ್ಲಿ ಎದುರು ತಂಡದ ಲೆಕ್ಕಿಗ, ಸಿಂಹಳದ ನಿಹಾಲ್.
ಒಂದೇ ಬೆಂಚು, ಒಂದೇ ಕೊಡೆ,
ಒಂದೇ ಫ್ಲಾಸ್ಕಿನ ಸುಲೇಮಾನಿ,
ಎರಡು ಪುಸ್ತಕ.

ರನ್ನು ಬಂದರೆ ಅಂಕಿ. ಬಾರದಿದ್ದರೆ ಚುಕ್ಕಿ.
ಏನೂ ಆಗಲಿಲ್ಲ ಎಂಬುದನ್ನೂ ಬರೆಯಬೇಕು.
ಹಾಜರಿ ಪುಸ್ತಕ ಇದನ್ನು ಕೇಳಿದ್ದೇ ಇಲ್ಲ;
ಅಲ್ಲಿ ಬಂದವನಿದ್ದಾನೆ, ಬಾರದವನಿದ್ದಾನೆ,
ಬಂದೂ ಬರಿಗೈಯಲ್ಲಿ ಹೋದವನಿಗೆ ಗುರುತಿಲ್ಲ.

ಅವತ್ತು ಫೈನಲ್ಲು. ಅವರದು ನೂರ ಹದಿನೇಳು.
ಬಿದ್ದು ಎದ್ದು ನಮ್ಮವರು ಹತ್ತಿರ ಬಂದರು.
ನಡುವೆ ತಾಳೆ ನೋಡುವುದನ್ನು ನಾವಿಬ್ಬರೂ ಮರೆತೆವು.
ಲೆಕ್ಕಿಗರು ಆಟ ನೋಡಬಾರದು, ನೋಡಿದೆವು.
ಕೊನೆಯ ಎಸೆತ. ಹಸೈನಾರ್ ಕಣ್ಣು ಮುಚ್ಚಿ ಬೀಸಿದ,
ಅಂಚಿಗೆ ತಾಗಿತು, ಒಂದು ಓಡಿದರು.
ನನ್ನಲ್ಲಿ ನೂರ ಹದಿನೆಂಟು!
ಮಂಡಿಯ ಗೊಡವೆಯಿಲ್ಲದೆ ಯಾರೋ ನನ್ನನ್ನೂ ಎತ್ತಿದರು.

ನಿಹಾಲ್ ಮಾತ್ರ ಬೆಂಚಿನಿಂದ ಏಳಲಿಲ್ಲ.
“ಭಾಯ್, ನನ್ನಲ್ಲಿ ಹದಿನೇಳು.”

ಅಂಪೈರ್ ಗುಲ್‌ಜಮಾನ್, ಸ್ವಾತ್ ಕಡೆಯವನು,
ಕ್ರೇನಿನ ಡ್ರೈವರು, ಬಂದು ನಿಂತ.
“ಪುಸ್ತಕ ತೆಗಿ, ಮುನ್ಶಿ.”
ಸುತ್ತ ಇಪ್ಪತ್ತೆರಡು ಜನರ ಬೆವರು.
ಎರಡು ಬೆರಳು ಸಾಲು ಸಾಲಾಗಿ ಇಳಿದವು,
ಹನ್ನೊಂದನೇ ಓವರಿನ ನಾಲ್ಕನೇ ಎಸೆತದಲ್ಲಿ ನಿಂತವು.
ಅವನಲ್ಲಿ ಚುಕ್ಕಿ. ನನ್ನಲ್ಲಿ ಒಂದು.

ನೆನಪಾಯಿತು. ಆಗಲೇ ಫೋನು ಬಂದದ್ದು.
ಗಂಗೊಳ್ಳಿಯಿಂದ ವಾರಿಜ.
ತಿಂಡಿ ಆಯ್ತಾ? ಆಯ್ತು.
ಸಂಬಳ ಆಯ್ತಾ? ಆಯ್ತು.
ಚೆಂಡು ಪ್ಯಾಡಿಗೆ ಬಡಿದಿತ್ತು, ಓಡಿದ್ದರು,
ಗುಲ್‌ಜಮಾನ್ ತಲೆಯಾಡಿಸಿ ವಾಪಸು ಕಳಿಸಿದ್ದ.
ನೋಡಿದ್ದೆ, ಚೆನ್ನಾಗಿಯೇ ನೋಡಿದ್ದೆ.
ಬಾಯಿ ಆಯ್ತು ಅನ್ನುವಾಗ
ಕೈಯೂ ಒಂದು ಅಂತ ಬರೆದುಬಿಟ್ಟಿತ್ತು.

“ಚುಕ್ಕಿಯೇ ಸರಿ,” ಎಂದೆ.

ವಲೇರಿಯನ್ ಗ್ಲೌಸು ಬಿಸಾಡಿದ.
ಹಸೈನಾರ್ ನನ್ನ ಮುಖ ನೋಡಲಿಲ್ಲ.
ಕಪ್ಪು ಆರು ತಿಂಗಳು ಇವರಲ್ಲಿ, ಆರು ತಿಂಗಳು ಅವರಲ್ಲಿ
ಅಂತ ಗುಲ್‌ಜಮಾನ್ ತೀರ್ಪು ಕೊಟ್ಟ.
ಹೇಗೂ ಅದರ ಒಂದು ಹಿಡಿ ಸಡಿಲವಾಗಿತ್ತು.

ಎಲ್ಲರೂ ವ್ಯಾನು ಹತ್ತಿದ ಮೇಲೆ
ಗಾಫ್ ಮರದ ಬೊಗಸೆ ನೆರಳಲ್ಲಿ ನಿಂತು ಫೋನು ಮಾಡಿದೆ.
“ವಾರಿಜಾ, ಸಂಬಳ ಆಗಲಿಲ್ಲ. ಮೂರು ತಿಂಗಳಾಯಿತು.”
ಅಲ್ಲಿ ಕುಕ್ಕರ್ ಒಂದು ಸಲ ಕೂಗಿತು.
ಅವಳು ಅದನ್ನು ಇಳಿಸಿ ಬಂದಳು.
“ನಂಗೊತ್ತಿತ್ತ್ ಮಾರಾಯ್ರೆ.
ಎರಡು ಸಲ ದುಡ್ಡು ಬಂದದ್ದು ಯಾರೋ ವಲೇರಿಯನ್ ಹೆಸರಲ್ಲಿ.
ನೀವೇ ಹೇಳ್ತ್ರಿ ಅಂದ್ಕಂಡ್ ಸುಮ್ನಿದ್ದೆ.
ಕ್ಯಾಲೆಂಡರಲ್ಲಿ ನಾನೂ ಬರ್ದಿಟ್ಟಿದೆ.”

ಒಂದು ಆಟಕ್ಕೆ ಎರಡು ಪುಸ್ತಕ ಯಾಕೆ ಅಂತ
ಹಿಂದೆ ಒಮ್ಮೆ ನಿಹಾಲನನ್ನು ಕೇಳಿದ್ದೆ.
ಅವನು ಸುಲೇಮಾನಿ ಬಗ್ಗಿಸುತ್ತಿದ್ದ, ಉತ್ತರ ಹೇಳಿರಲಿಲ್ಲ.

ವ್ಯಾನಿನಲ್ಲಿ ವಲೇರಿಯನ್ ಜಾಗ ಹಿಡಿದಿದ್ದ,
ಮಾತಾಡಲಿಲ್ಲ, ಸರಿದು ಕೂತ.
ಪುಸ್ತಕ ತೆರೆದೆ.
ರಬ್ಬರು ಉಜ್ಜಿ ಉಜ್ಜಿ ಹಾಳೆ ಅಲ್ಲಿ ತೆಳ್ಳಗಾಗಿತ್ತು.
ಕಿಟಕಿಯ ಬಿಸಿಲಿಗೆ ಹಿಡಿದರೆ
ಹೊಸ ಚುಕ್ಕಿ, ಅದರ ಹಿಂದೆ
ಅಳಿಸಿದ ಒಂದರ ತೆಳುಗೀರು,
ಅದರಾಚೆ, ಬೇರೊಂದು ಶುಕ್ರವಾರದ
ಯಾರದೋ ರನ್ನು.