ಹಿಂದೆ ನೀರು

ಅಲ್ಮಾಟಿಯಲ್ಲಿ ನನ್ನದೊಂದು ಪಾಸ್‌ಪೋರ್ಟ್ ಫೋಟೋದ ಅಂಗಡಿ.
ಕಿವಿ ಕಾಣಲಿ, ಗದ್ದ ಸ್ವಲ್ಪ ಮೇಲೆ, ನಗಬೇಡಿ.
ಊರು ಬಿಡುವವರೊಂದಿಗೆ ಮೂವತ್ತು ವರ್ಷ
ಇಷ್ಟೇ ಮಾತಿನಲ್ಲಿ ಸಂಸಾರ ನಡೆಯಿತು.

ಈ ಬೇಸಿಗೆ ನಾನೇ ಬಂದೆ ಮೊಯ್ನಾಕಿಗೆ,
ಅಪ್ಪನ ಜೆನಿತ್ ಕ್ಯಾಮರಾ ಕೊರಳಿಗೆ ಹಾಕಿಕೊಂಡು.
ಒಂದೇ ರೀಲು. ಮೂವತ್ತಾರು.

ಮೊದಲು ಹಡಗು ತೆಗೆದೆ. ಎಲ್ಲರೂ ತೆಗೆಯುವುದು ಅವನ್ನೇ,
ಮರಳಲ್ಲಿ ಕುಕ್ಕರುಗಾಲಲ್ಲಿ ಕೂತ ಆ ತುಕ್ಕುಗಳನ್ನು.
ಯಾವುದೋ ದೂರದೇಶದ ಹುಡುಗಿ ಹಲಗೆಗೆ ಒರಗಿ
ತನ್ನ ಫೋನು ಕೊಟ್ಟಳು. ಅವಳದ್ದೂ ತೆಗೆದೆ.
ಚೆನ್ನಾಗಿ ಬಂತು. ಕಿವಿ ಕಾಣುತ್ತಿತ್ತು.

ಶಾಲೆಯ ಬೀಗ ತೆಗೆದೆ, ಅಂದರೆ ಬೀಗದ ಫೋಟೋ.
ನಮ್ಮ ಮನೆ ತೆಗೆದೆ; ಅಂಗಳದಲ್ಲಿ ಯಾರದೋ ಒಂಟೆ
ನನ್ನ ಬಾಲ್ಯವನ್ನು ನಿಧಾನ ಮೆಲುಕು ಹಾಕುತ್ತ
ತಿರುಗಿಯೂ ನೋಡಲಿಲ್ಲ.
ಸಮುದ್ರವನ್ನು ಮಾತ್ರ
ಹತ್ತಿ ಹೊಲಕ್ಕೆಂದು, ನನಗಿಂತ ಮೊದಲೇ
ಯಾರೋ ತೆಗೆದುಬಿಟ್ಟಿದ್ದರು.

ತಜಿಗುಲ್ ಅತ್ತೆ, ಕಾರ್ಖಾನೆಯಲ್ಲಿ ಮೀನಿನ ಡಬ್ಬಿಗಳಿಗೆ
ಹತ್ತೊಂಬತ್ತು ವರ್ಷ ಮುಚ್ಚಳ ಒತ್ತಿದವಳು,
ಬೆಳ್ಳಿ ಓಲೆ ಇಟ್ಟು, ತಲೆವಸ್ತ್ರ ಎರಡು ಸಲ ಬಿಚ್ಚಿ ಕಟ್ಟಿ,
ಹಳೇ ಧಕ್ಕೆಯ ಮೆಟ್ಟಿಲ ಮೇಲೆ ನಿಂತಳು.
ಮೂರನೆಯ ಮೆಟ್ಟಿಲ ಕೆಳಗೆ ಮರಳು.

‘ಇಲ್ಲೇ ನಿಮ್ಮಪ್ಪ ನನ್ನ ತೆಗೆಯಲು ಹೋಗಿ
ದೋಣಿಯಿಂದ ಹಿಂದೆ ಹಿಂದೆ ಸರಿದು ದುಡುಮ್ಮನೆ ಬಿದ್ದ.
ಕ್ಯಾಮರಾ ಹಿಡಿದ ಕೈಯೊಂದೇ ನೀರಿನ ಮೇಲೆ!
ಕತ್ತು ಮುಳುಗಿದರೂ ಬಿಡಲಿಲ್ಲ, ಜಿಪುಣ.’
ಆಗ ನನಗೆ ಆರು ವರ್ಷ. ನಕ್ಕ ನೆನಪಿದೆ, ನೀರಿನದಿಲ್ಲ.

ಓಲೆ ಕಾಣಬೇಕು, ಮೆಟ್ಟಿಲೂ ಬರಬೇಕು,
ಆಕಾಶವೂ ಇರಲಿ ಎಂದಳು, ದುಡ್ಡು ಕೊಡುವವಳಂತೆ.
ನಾನು ಹಿಂದೆ ಸರಿದೆ. ಇನ್ನೆರಡು ಹೆಜ್ಜೆ.
ಚಿಪ್ಪುಗಳು ಬೂಟಿನಡಿ ಕರಕರ ಅಂದವು.
ಸಕ್ಸಾವುಲ್ ಪೊದೆ ಪ್ಯಾಂಟು ಹಿಡಿದು ಕೇಳಿತು, ಯಾರು ನೀನು?
ಇನ್ನೂ ಹಿಂದೆ. ಗಾಜಿನೊಳಗೆ ಅತ್ತೆ
ಹೆಬ್ಬೆರಳಷ್ಟಾದಳು, ಕಿರುಬೆರಳಷ್ಟಾದಳು,

‘ಸಾಕೋ! ಹಿಂದೆ ನೀರು!’

ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು.
ಗಾಳಿ ಉಪ್ಪು ತಂದು ತುಟಿಗೆ ಹಚ್ಚಿತು.
ಅವಳೂ ಏನೂ ಅನ್ನಲಿಲ್ಲ ಆಮೇಲೆ.
ಬೆರಳು ಮಾತ್ರ ತನ್ನ ಕಸುಬು ಮಾಡಿತ್ತು.

ಕತ್ತಲೆಕೋಣೆಯಲ್ಲಿ ತೊಳೆದಾಗ ಬಂದದ್ದು ಇದು.
ಯಾವ ಕಚೇರಿಯಲ್ಲೂ ನಡೆಯದ ಫೋಟೋ.
ಬಾಯಿ ತೆರೆದಿದೆ, ಕೈ ಮುಖಕ್ಕೆ ಅಡ್ಡ ಬಂದಿದೆ,
ಒಂದು ಕಿವಿಯೇ ಇಲ್ಲ.
ಕಣ್ಣು ನನ್ನನ್ನು ನೋಡುತ್ತಿಲ್ಲ,
ನನ್ನ ಬೆನ್ನ ಹಿಂದೆ ಏನನ್ನೋ,
ಮೊಣಕಾಲಿಗಿಂತ ಸ್ವಲ್ಪ ಮೇಲೆ.