ಇಳಿತವಿತ್ತು

ಪ್ರೊಫೆಸರ್ ಕಾಲ್ಡರ್ ಬರೆದದ್ದು ನಲವತ್ತೊಂದು ಪುಸ್ತಕ.
ಕೋಡಿಬಾಗದ ನಮ್ಮ ಮನೆಗೆ ಎಲ್ಲವೂ ಬಂದಿವೆ,
ಕಂದು ಕಾಗದದಲ್ಲಿ, ರಾಣಿಯ ತಲೆಯ ಚೀಟಿ ಹೊತ್ತು.
ಅಪ್ಪನಿಗೆ ಓದು ಬರುತ್ತಿರಲಿಲ್ಲ.
ಚೀಟಿ ಬಿಡಿಸಿ ನನಗೆ ಕೊಟ್ಟು
ಪುಸ್ತಕ ಮೂಸಿ, "ಚೊಲೋ ಒಣಗಿದೆ" ಅನ್ನುತ್ತಿದ್ದ,
ಬಾಂಗಡೆಗೆ ಅಂದ ಹಾಗೆ.

ಮೊದಲ ಸಲ ಬಂದಾಗ ಅವರಿಗೆ ಇಪ್ಪತ್ತೊಂಬತ್ತು.
ಸೇತುವೆ ಇನ್ನೂ ಕಾಗದದಲ್ಲಿತ್ತು;
ಹೊಳೆ ದಾಟಲು ಅಪ್ಪನ ದೋಣಿ, ಎಂಟಾಣೆ.
ಕಂಪನಿಯ ಮೆಣಸಿನ ಗೋದಾಮು ಎಲ್ಲಿ, ತೋರಿಸು ಎಂದರಂತೆ
ಕೊಂಕಣಿಯಲ್ಲಿ, ಅದೂ ಗೋವೆಯ ಪಾದ್ರಿಯ ಕೊಂಕಣಿಯಲ್ಲಿ.
ಅಪ್ಪ ದಂಡೆಯ ಒಂದು ದಿಬ್ಬ ತೋರಿಸಿದ.
ಅವರು ಮಂಡಿವರೆಗೆ ಕೆಸರಾಗಿ
ಚಿರೆಕಲ್ಲು ಅಳೆದರು, ಒಂದು ಚೂರು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ಆ ಚೂರಿನಿಂದ ಡಾಕ್ಟರೇಟ್,
ಡಾಕ್ಟರೇಟಿನಿಂದ ಕುರ್ಚಿ, ಕುರ್ಚಿಯಿಂದ ಪುಸ್ತಕ,
ಪುಸ್ತಕದಿಂದ ಪುಸ್ತಕ: ಮೆಣಸು, ಹಡಗು, ಸಾಲಪತ್ರ, ಕಾಲರಾ,
ಕಂಪನಿಯ ಗುಮಾಸ್ತರು ಕುಡಿದು ಸತ್ತ ಲೆಕ್ಕ.
ಮೊದಮೊದಲು ಎರಡು ವರ್ಷಕ್ಕೊಂದು, ಆಮೇಲೆ ವರ್ಷಕ್ಕೊಂದು;
ಹೆಂಡತಿ ಬಿಟ್ಟುಹೋದ ವರ್ಷ ಮೂರು.

ಇಂಗ್ಲಿಷ್ ಕಲಿತ ಮೇಲೆ ನಾನು ಓದಿದ್ದು ಕೊನೆಯ ಪುಟಗಳನ್ನು.
ಅಂಬಿಗ, ನೋಡಿ: ದೋಣಿ.
ದೋಣಿ, ನೋಡಿ: ಕಾಳಿ ನದಿ.
ಕಾಳಿ ನದಿ, ನೋಡಿ: ಮೆಣಸು.
ಅಪ್ಪ ಅಲ್ಲೆಲ್ಲೋ ಹುಟ್ಟು ಹಾಕುತ್ತಲೇ ಇದ್ದ.

"ಅದು ಗೋದಾಮು ಹೌದಾ?" ಒಮ್ಮೆ ಕೇಳಿದೆ.
ಬಲೆಯ ಗಂಟು ಬಿಚ್ಚುತ್ತಿದ್ದವ ತಲೆ ಎತ್ತಲಿಲ್ಲ.
"ಸುಣ್ಣದ ಗೂಡು ಅದು. ನನ್ನ ಆಯಿ ಅಲ್ಲೇ ಚಿಪ್ಪು ಸುಡ್ತಿದ್ಲು.
ಗೋದಾಮು ಇನ್ನೂ ಮೇಲೆ, ಕಡವಾಡದ ಬದಿಗೆ ಅಂತಾರೆ.
ಇಳಿತವಿತ್ತು ಮಗಾ, ದೋಣಿ ನೆಲ ಹಿಡೀತಿತ್ತು.
ಅವನಿಗೂ ಹಸಿವಾಗಿತ್ತು."

ಸೇತುವೆ ಬಂತು. ಅಪ್ಪ ಹೋದ.
ಸೇತುವೆಯೂ ಒಂದು ನಡುರಾತ್ರಿ ಹೊಳೆಗೆ ಬಿತ್ತು.
ಆ ಮರುತಿಂಗಳು ಪುಸ್ತಕವಲ್ಲ, ಕಾಗದ; ಅಕ್ಷರ ನಡುಗಿತ್ತು:
ಆ ಕಲ್ಲು ಈಗಲೂ ನನ್ನ ಮೇಜಿನ ಮೇಲಿದೆ.
ಮೊನ್ನೆ ಚಹಾ ಚೆಲ್ಲಿ ಒರೆಸಿದೆ, ಬಟ್ಟೆಗೆಲ್ಲ ಬಿಳಿ.
ಮೆಣಸಿನ ಗೋಡೆಗೆ ಇಷ್ಟು ಸುಣ್ಣ ಯಾಕೆ?
ಎರಡನೆಯ ಸಲ ಬಂದಾಗಲೇ ನಿನ್ನ ತಂದೆಯನ್ನು ಕೇಳಬೇಕಿತ್ತು.
ಆಗ ಮೊದಲ ಪುಸ್ತಕ ಅಚ್ಚಿನಲ್ಲಿತ್ತು.

ಉತ್ತರಕ್ಕೆ ಮೂರು ಸಲ ಕೂತೆ.
ಅಜ್ಜಿಯ ಹೆಸರು ಸಾಂತೇರಿ ಎಂದು ಬರೆದೆ.
ಬುಟ್ಟಿ ಚಿಪ್ಪಿಗೆ ಎಷ್ಟು ಕೊಡುತ್ತಿದ್ದರೋ ಗೊತ್ತಿಲ್ಲ, ಬರೆಯಲಿಲ್ಲ.
ಹಾಳೆಯ ತಳದಲ್ಲಿ ಗೆರೆ ಎಳೆದು, ಅದರ ಕೆಳಗೆ
ಅವರು ಬರೆಯುವಂಥದ್ದೇ ಸಣ್ಣ ಅಕ್ಷರದಲ್ಲಿ:
ಇಳಿತವಿತ್ತು.