ಬೈತಲೆ

ಕರಿಹಲಗೆಯ ನಡುವೆ ಮೇಲಿಂದ ಕೆಳಕ್ಕೆ
ಒಂದೇ ಗೆರೆ ಎಳೆದು
ಎಡಕ್ಕೆ ಡೆಬಿಟ್ಟು, ಬಲಕ್ಕೆ ಕ್ರೆಡಿಟ್ಟು ಎಂದೆ.
ಮೂರನೇ ಬೆಂಚಿನಿಂದ ಯಾರೋ
‘ಬೈತಲಿ ತಗದಂಗ ಐತ್ರಿ ಸರ್’ ಅಂದರು.
ನಕ್ಕರು ಎಲ್ಲ. ನಾನೂ.
ಅಂದವಳು ಹುಲಿಗೆಮ್ಮ, ಬಿ.ಕಾಂ. ಮೂರನೇ ಸೆಮಿಸ್ಟರು,
ಭಾಗ್ಯನಗರದಿಂದ ರೈಲ್ವೆ ಗೇಟು ದಾಟಿ
ಕೊಪ್ಪಳಕ್ಕೆ ಬರುವವಳು,
ಗೇಟು ಬಿದ್ದ ದಿನ ತಡವಾಗಿ.

ಅಲ್ಲಿ, ಗೊತ್ತಲ್ಲ, ಕೂದಲ ಕೆಲಸ.
ಯಾವ ಯಾವ ಊರ ಬಾಚಣಿಗೆಯಿಂದಲೋ ಉದುರಿದ್ದು,
ಸುತ್ತಿ ಗೋಡೆಯ ಸಂದಿಗೆ ತುರುಕಿದ್ದು,
ಸ್ಟೀಲು ಬಟ್ಟಲಿಗೋ ಪಿನ್ನು ರಿಬ್ಬನ್ನಿಗೋ ಬದಲಾಗಿ
ಚೀಲ ಸೇರಿದ್ದು
ಬಂದು ಬೀಳುತ್ತದೆ ಉಂಡೆ ಉಂಡೆ.
ಬಾಗಿಲ ಬೆಳಕಿಗೆ ಕೂತ ಹೆಂಗಸರು
ಎಳೆ ಎಳೆ ಬಿಡಿಸಿ, ಮುಳ್ಳಿನ ಹಣಿಗೆಗೆ ಎಳೆದು,
ಉದ್ದ ನೋಡಿ ಕಟ್ಟು ಕಟ್ಟುತ್ತಾರೆ.

‘ಪ್ರತಿ ನಮೂದಿಗೂ ವೋಚರ್ ಬೇಕು’ ಎಂದೆ ಮರುವಾರ.
‘ಹಿತ್ಲ ಬಾಗ್ಲಾಗ ಬಟ್ಲಕ್ಕ ಕೊಟ್ಟ ಕೂದ್ಲಕ್ಕ
ಎಲ್ಲಿ ವೋಚರ್ರಿ ಸರ್?
ಮತ್ತ ಅದನ್ನ ಯಾವ ತಲಿ ಕೆಳಗ ಬರೀಬೇಕ್ರಿ?’
ಲೆಕ್ಕದ ತಲೆಬರಹ ಕೇಳಿದ್ದಳು ಅವಳು.
ಈ ಸಲ ಯಾರೂ ನಗಲಿಲ್ಲ.
ಕಚ್ಚಾ ಮಾಲು, ಎಂದು ಬರೆಸಿದೆ.

ಹಣಕಾಸಿನ ಪಿರಿಯಡ್ಡಿನಲ್ಲಿ
ಇವತ್ತಿನ ನೂರು ನಾಳಿನ ನೂರಕ್ಕಿಂತ ದೊಡ್ಡದು,
ಸೂತ್ರ ಹೀಗೆ, ಬಡ್ಡಿದರ ಇಷ್ಟು, ಎನ್ನುವಾಗ
ಅತಿಥಿ ಉಪನ್ಯಾಸಕನಾದ ನನಗೆ
ನಾಲ್ಕು ತಿಂಗಳ ಗೌರವಧನ ನೆನಪಾಗಿ
ತುಸು ಜೋರಾಗಿಯೇ ಹೇಳಿದೆನೇನೋ.
ಮುಂದಿನ ಸಾಲಿನ ಮೌಲಾಸಾಬ
ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ.
ಶನಿವಾರದ ಬಟವಾಡೆಗೆ ಕಾಯುವ ಮನೆಗಳ ಮಕ್ಕಳಿಗೆ
ಆ ಸೂತ್ರ ಬರೆಸಬೇಕಾಗಿರಲಿಲ್ಲ.

ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರು, ನಡೆಯುವವು ಐದು.
ಮಾಹಿತಿ ವ್ಯವಸ್ಥೆ ಅಂದರೆ, ಎಂದೆ,
ಚೆಲ್ಲಾಪಿಲ್ಲಿ ಸಂಗತಿ ಒಳಗೆ ಹೋಗಿ
ತೀರ್ಮಾನಕ್ಕೆ ಒದಗುವಂತೆ ಹೊರಗೆ ಬರಬೇಕು,
ಒಂದೊಂದು ಸಾಲಿಗೂ
ಇನ್ನೊಂದಕ್ಕಿಲ್ಲದ ಗುರುತು ಇರಬೇಕು.
ಕರೆಂಟು ಹೋಯಿತು.
ಆಗ ಅವಳು ಚೀಲದಿಂದ ಒಂದು ದಾರ ತೆಗೆದಳು.

ಅವರವ್ವನದು. ಓದು ಬರಹವಿಲ್ಲ.
ದಿನವಿಡೀ ಕಾಣದವರ ಸಿಕ್ಕು ಬಿಡಿಸುವಾಕೆ
ಕಾಲು ಕಿಲೋ ತೂಗಿ ಕೊಟ್ಟಾಗೊಮ್ಮೆ
ತನಗೊಂದು ಗಂಟು ಹಾಕಿಕೊಳ್ಳುತ್ತಾಳೆ.
ಶ್ರಾವಣದಿಂದ ದೀಪಾವಳಿಗೆ ನಲವತ್ತೇಳು.
ಸಾವುಕಾರರ ಪುಸ್ತಕದಲ್ಲಿ ನಲವತ್ತೊಂದು.

‘ಸ್ಥಳೀಯ ಉದ್ದಿಮೆಯೊಂದರ ಲೆಕ್ಕಪತ್ರ’ ಎಂಬ ನನ್ನ ಪ್ರಾಜೆಕ್ಟಿಗೆ
ಅವಳು ಮಾಡಿದ್ದು ಹೊಂದಾಣಿಕೆ ಪಟ್ಟಿ.
ಎರಡು ಹಾಳೆ. ಪ್ರಿಂಟಿಗೆ ಹತ್ತು ರೂಪಾಯಿ.
ಸಾವುಕಾರರು ಕನ್ನಡಕ ಏರಿಸಿ ಓದಿದರಂತೆ,
‘ಕಾಲೇಜಿನಾಗ ಇದನ್ನ ಕಲಸ್ತಾರೇನು’ ಅಂದರಂತೆ,
ನಾಲ್ಕು ಗಂಟಿಗೆ ದುಡ್ಡು ಎಣಿಸಿದರಂತೆ.
ಉಳಿದೆರಡು ಧೂಳಿನ ತೂಕ.
ಮನೆಯಲ್ಲಿ ಅವ್ವನ ಬೈಗುಳ:
‘ನಾಳಿ ಕೆಲ್ಸ ಕೊಡ್ಲಿಲ್ಲಂದ್ರ?’
ಕೊಟ್ಟರು. ಬಿಳಿಕೂದಲು ಬೆರೆತ ಚೀಲವನ್ನು.

‘ಆ ಎರಡನ್ನ ಎಲ್ಲಿ ಹಾಕ್ಲಿ ಸರ್?’
ಸಸ್ಪೆನ್ಸ್ ಖಾತೆಗೆ, ಎಂದೆ,
ತಾಳೆಯಾಗದ್ದು ತಾಳೆಯಾಗುವವರೆಗೆ ಕೂರುವ ಜಾಗ.
ನನ್ನ ನಾಲ್ಕು ತಿಂಗಳೂ ಅಲ್ಲೇ ಕೂತಿವೆ ಎನ್ನಲಿಲ್ಲ.

ಇಪ್ಪತ್ತಕ್ಕೆ ಹದಿನೆಂಟು ಕೊಟ್ಟೆ.
ಎರಡು ಯಾಕೆ ಹಿಡಿದೆನೆಂದು
ಗೇಟಿನ ಬಳಿ ಗಾಡಿ ಹಾಯುವುದನ್ನು ಕಾಯುತ್ತ
ಎಷ್ಟೋ ಸಲ ಯೋಚಿಸಿದ್ದೇನೆ.
ರೂಢಿ.
ಪೂರ್ತಿ ಕೊಡುವ ರೂಢಿ ನಮ್ಮಲ್ಲಿಲ್ಲ.

ದಾರವನ್ನು ಕೊನೆಯ ಪುಟಕ್ಕೆ
ಪಿನ್ನು ಹೊಡೆದು ಸೇರಿಸಿದ್ದಳು, ‘ಅನುಬಂಧ ಮೂರು’.
ವರ್ಷದ ಕೊನೆಗೆ ನಲವತ್ತು ಪ್ರಾಜೆಕ್ಟುಗಳ ಕಟ್ಟು
ಅಟ್ಟಕ್ಕೆ ಹಾಕುವಾಗ ಲಾಡಿ ಸಾಲದೆ
ಅಟೆಂಡರ್ ಯಂಕೋಬ ಅದನ್ನೇ ಕಿತ್ತು
ಎರಡು ಸುತ್ತು ಸುತ್ತಿ ಬಿಗಿದ.
ನಾನು ನೋಡುತ್ತಲೇ ಇದ್ದೆ:
ನಲವತ್ತೇಳು ಇದ್ದವು,
ಈಗ ನಲವತ್ತೆಂಟು.